ಸುಣ್ಣಬಣ್ಣಕ್ಕೆ ಮುಂಚೆ ಒಮ್ಮೆ ಶಾಲೆಯ ಹೊಸ ಕಟ್ಟಡ ಸುತ್ತಿ ಬನ್ನಿ

ನನಗೆ ಪರಿಚಯದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಕೆಲವು ವರ್ಷದ ಹಿಂದೆ ಎರಡು ಹೊಸ ಕೊಠಡಿ ಬಂದವು. ಬೇಸಿಗೆಯಲ್ಲಿ ಉದ್ಘಾಟನೆ ಆಯಿತು. ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಹಳದಿ ಬಣ್ಣ, ವರಾಂಡದ ಕಂಬಗಳ ಮೇಲೆ ಸ್ವರ ವ್ಯಂಜನ. ಊರಿನವರೆಲ್ಲ ಬಂದು ಸಿಹಿ ತಿಂದು ಹೋದರು. ಜುಲೈ ಹೊತ್ತಿಗೆ ಮೂರನೇ ತರಗತಿಯ ಮಕ್ಕಳು ಕೊಠಡಿಯ ಅರ್ಧ ಭಾಗದಲ್ಲಿ ಒತ್ತೊತ್ತಾಗಿ ಕೂತಿದ್ದರು. ಉಳಿದ ಅರ್ಧದಲ್ಲಿ ಬಿಸಿಯೂಟದ ಪಾತ್ರೆಗಳು ಸಾಲಾಗಿ ಕೂತು ತಾರಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯುತ್ತಿದ್ದವು. ಫ್ಯಾನಿನ ಕೊಂಡಿಯಿಂದಲೇ ನೀರು ಇಳಿಯುತ್ತಿದ್ದುದರಿಂದ ಮುಖ್ಯ ಶಿಕ್ಷಕಿ ಆ ಕೊಠಡಿಯ ಮೇನ್ ಸ್ವಿಚ್ ಆಫ್ ಮಾಡಿದ್ದರು. "ಉದ್ಘಾಟನೆ ದಿನ ಎಷ್ಟು ಚೆಂದ ಇತ್ತು ನೋಡಿ ಸಾರ್" ಎಂದು ಅವರು ಹೇಳಿದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಅಪರಾಧಿ ಭಾವವೇ ಹೆಚ್ಚಿತ್ತು. ಹಸ್ತಾಂತರ ಪತ್ರಕ್ಕೆ ಸಹಿ ಹಾಕಿದವರು ಅವರೇ.

ಆ ತಾರಸಿಯ ಮೇಲೆ ಬೇಸಿಗೆಯಲ್ಲಿ ಯಾರಾದರೂ ಮೂರು ದಿನ ನೀರು ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ಸೋರುವ ಜಾಗ ಆಗಲೇ ಕಾಣುತ್ತಿತ್ತು, ಗುತ್ತಿಗೆದಾರರ ಆಳುಗಳು ಇನ್ನೂ ಊರಲ್ಲೇ ಇದ್ದರು, ಕೊನೆಯ ಬಿಲ್ಲೂ ಬಾಕಿ ಇತ್ತು. ಅವತ್ತು ಎರಡು ದಿನದಲ್ಲಿ ಮುಗಿಯಬಹುದಾಗಿದ್ದ ದುರಸ್ತಿಗೆ ಆಮೇಲೆ ಎರಡು ವರ್ಷ ಪತ್ರ ಬರೆಯಬೇಕಾಯಿತು.

ಈ ಲೇಖನ ಆ ನಡುವಿನ ಅವಧಿಯ ಬಗ್ಗೆ. ಸ್ಲ್ಯಾಬ್ ಹಾಕಿ ಆಗಿದೆ, ಗಾರೆ ಕೆಲಸ ಮುಗಿಯುತ್ತ ಬಂದಿದೆ, ಬಣ್ಣ ಇನ್ನೂ ಬಳಿದಿಲ್ಲ. ನಿಮ್ಮೂರ ಶಾಲೆಯ ಹೊಸ ಕಟ್ಟಡ ಈಗ ಆ ಹಂತದಲ್ಲಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಮುಖ್ಯ ಶಿಕ್ಷಕರು, ತಂದೆತಾಯಿಯರು ಮಾಡಬಹುದಾದ ಕೆಲಸ ಬಹಳ ಇದೆ. ಬಣ್ಣ ಬಿದ್ದ ಮೇಲೆ ಕಣ್ಣಿಗೆ ಕಾಣುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕೇಳುವ ಹಕ್ಕು ಇದೆಯೇ?

ಇದೆ. ಅಳುಕಬೇಕಾಗಿಲ್ಲ. ಕರ್ನಾಟಕದಲ್ಲಿ 2001ರಿಂದಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಶಾಲೆಯ ಕೆಲಸಕಾರ್ಯ ನೋಡಿಕೊಳ್ಳುವ, ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ಗಮನಿಸುವ, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆ ಕೊಟ್ಟಿದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅದೇ ಕಾಯ್ದೆಯ ಅನುಸೂಚಿ ಶಾಲಾ ಕಟ್ಟಡ ಹೇಗಿರಬೇಕೆಂದೂ ಹೇಳುತ್ತದೆ: ಎಲ್ಲ ಋತುವಿಗೂ ತಡೆಯುವ ಕಟ್ಟಡ, ಒಬ್ಬ ಶಿಕ್ಷಕರಿಗೆ ಒಂದಾದರೂ ತರಗತಿ ಕೋಣೆ, ಅಡೆತಡೆ ಇಲ್ಲದ ಪ್ರವೇಶ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಸಾಕಷ್ಟು ಶುದ್ಧ ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ. "ಎಲ್ಲ ಋತುವಿಗೂ ತಡೆಯುವ" ಎಂಬ ಮಾತು ಕಾಯ್ದೆಯಲ್ಲೇ ಇರುವಾಗ, ಮಳೆಗಾಲಕ್ಕೆ ಮುಂಚೆ ತಾರಸಿ ಪರೀಕ್ಷೆ ಮಾಡಿ ಎಂದು ಕೇಳುವುದು ಅಧಿಕಪ್ರಸಂಗ ಆಗುವುದಿಲ್ಲ.

ಮೊದಲು ಕಟ್ಟುತ್ತಿರುವವರು ಯಾರು ಎಂದು ತಿಳಿದುಕೊಳ್ಳಿ. ಲೋಕೋಪಯೋಗಿ ಇಲಾಖೆಯೇ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೇ, ನಿರ್ಮಿತಿ ಕೇಂದ್ರವೇ, ಹಳಬರು ಇಂದಿಗೂ ಲ್ಯಾಂಡ್ ಆರ್ಮಿ ಎಂದು ಕರೆಯುವ ಕೆಆರ್‌ಐಡಿಎಲ್‌ ಸಂಸ್ಥೆಯೇ? ಹಣದ ಮೂಲವೂ ಬೇರೆ ಬೇರೆ ಇರುತ್ತದೆ. ರಾಜ್ಯ ಸರ್ಕಾರದ ಶಾಲಾ ಕೊಠಡಿ ಯೋಜನೆ ಇರಬಹುದು, ಸಮಗ್ರ ಶಿಕ್ಷಣ ಇರಬಹುದು, ಶಾಸಕರ ನಿಧಿ ಇರಬಹುದು, ಕಲಬುರಗಿ ಕಡೆಯ ಜಿಲ್ಲೆಗಳಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರಬಹುದು. ಇದು ಗೊತ್ತಿಲ್ಲದೆ ಹೋದರೆ ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ.

ಆಮೇಲೆ ಮೂರು ಕಾಗದ ಕೇಳಿ: ಅಂದಾಜುಪಟ್ಟಿ, ಕಾರ್ಯಾದೇಶ, ನಕ್ಷೆ. ಅಂದಾಜುಪಟ್ಟಿಯಲ್ಲಿ ಬಾಗಿಲು ಯಾವುದರದು, ನೆಲಕ್ಕೆ ಏನು ಹಾಕಬೇಕು, ಎಷ್ಟು ಫ್ಯಾನು, ಎಷ್ಟು ಲೈಟು, ತಾರಸಿಗೆ ಯಾವ ಜಲನಿರೋಧಕ ಪದರ ಎಂದೆಲ್ಲ ಬರೆದಿರುತ್ತದೆ. ಅದು ಕೈಯಲ್ಲಿದ್ದರೆ ವಾದ ಮಾಡಬೇಕಾಗಿಲ್ಲ, ಬೆರಳಿಟ್ಟು ತೋರಿಸಿದರೆ ಸಾಕು. ಕೇಳಿದರೆ ಬಹಳಷ್ಟು ಇಂಜಿನಿಯರುಗಳು ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ: 2005ರ ಆ ಕಾಯ್ದೆಯಲ್ಲಿ ಮಾಹಿತಿ ಎಂದರೆ ಕಾಗದದ ನಕಲಷ್ಟೇ ಅಲ್ಲ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಎರಡೂ ಅದರಲ್ಲಿ ಸೇರಿವೆ. ಅಳತೆ ಪುಸ್ತಕದ, ಅಂದರೆ ಎಲ್ಲರೂ ಎಂ.ಬಿ. ಎನ್ನುವ ಪುಸ್ತಕದ ಪುಟಗಳನ್ನೂ ಕೇಳಬಹುದು.

ಇದೆಲ್ಲದರ ಜೊತೆಗೆ ಸ್ಥಳದಲ್ಲಿರುವ ಮೇಸ್ತ್ರಿಯ ಹತ್ತಿರ ಮರ್ಯಾದೆಯಿಂದ ಮಾತಾಡಿ. ಉತ್ತರ ಕರ್ನಾಟಕದಲ್ಲಾದರೆ ಗೌಂಡಿ. ಯಾವ ಮೂಲೆ ಅವಸರದಲ್ಲಿ ಆಯಿತು, ಯಾವ ದಿನ ನೀರಿನ ಟ್ಯಾಂಕರ್ ಬರಲಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಚಹಾ ಕುಡಿಯುತ್ತ ಕೇಳಿದರೆ ಹೇಳುತ್ತಾರೆ.

ಗಾರೆ ಮುಚ್ಚುವ ಮುನ್ನ

ಸೆಂಟ್ರಿಂಗ್ ಬಿಚ್ಚಿದ ದಿನ ಕಂಬ, ತೊಲೆ, ಸ್ಲ್ಯಾಬಿನ ತಳ ಎಲ್ಲ ಬೆತ್ತಲೆಯಾಗಿ ಕಾಣುತ್ತವೆ. ಅವತ್ತು ಒಂದು ಸುತ್ತು ಬನ್ನಿ. ಕಾಂಕ್ರೀಟು ಸರಿಯಾಗಿ ಕೂರದ ಕಡೆ ಜಲ್ಲಿಕಲ್ಲು ಹೊರಗೆ ಕಾಣುತ್ತ ಜೇನುಗೂಡಿನ ಹಾಗೆ ತೂತುತೂತಾಗಿರುತ್ತದೆ. ಕಂಬದ ಬುಡದಲ್ಲಿ, ಕಂಬ ಮತ್ತು ತೊಲೆ ಸೇರುವ ಕಡೆ ಇದು ಹೆಚ್ಚು. ಕಬ್ಬಿಣ ಎಲ್ಲಾದರೂ ಹೊರಗೆ ಇಣುಕುತ್ತಿದ್ದರೆ ಅದೂ ದೋಷವೇ. ಫೋಟೋ ತೆಗೆದು ಕಿರಿಯ ಇಂಜಿನಿಯರಿಗೆ (ಜೆಇ) ಕಳಿಸಿ, ಹೇಗೆ ಸರಿಪಡಿಸುತ್ತೀರಿ ಎಂದು ಕೇಳಿ. ಒಂದು ಪದರ ಗಾರೆ ಮೆತ್ತಿಬಿಟ್ಟರೆ ಅದು ಕಾಣುವುದಿಲ್ಲ, ಆದರೆ ಗಾಳಿ ತೇವ ಒಳಗೆ ಹೋಗುವುದು ನಿಲ್ಲುವುದಿಲ್ಲ. ಕಬ್ಬಿಣ ತುಕ್ಕು ಹಿಡಿದಾಗ ಹಿಗ್ಗುತ್ತದೆ, ಹಿಗ್ಗಿ ಮೇಲಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಹಳೆಯ ಶಾಲೆಗಳಲ್ಲಿ ಮೇಲಿಂದ ಸಿಮೆಂಟ್ ಚಕ್ಕೆ ಬೀಳುವುದರ ಹಿಂದಿನ ಕಥೆ ಸಾಮಾನ್ಯವಾಗಿ ಇದೇ. ಕರಾವಳಿಯಲ್ಲಿ ಉಪ್ಪಿನ ಗಾಳಿ ಇದನ್ನು ಇನ್ನೂ ಬೇಗ ಮಾಡುತ್ತದೆ. ಆದ್ದರಿಂದಲೇ ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಒಳನಾಡಿನ ಸಾಧಾರಣ ವಾತಾವರಣಕ್ಕೆ ಕಬ್ಬಿಣದ ಮೇಲೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಸಾಕು ಎಂದರೆ, ಕಡಲ ಗಾಳಿಗೆ ಮೈಯೊಡ್ಡಿದ ಭಾಗಕ್ಕೆ 45 ಮಿಲಿಮೀಟರ್ ಕೇಳುತ್ತದೆ. ಕುಂದಾಪುರದ ಶಾಲೆಗೂ ಕೊಪ್ಪಳದ ಶಾಲೆಗೂ ಒಂದೇ ನಕ್ಷೆ ಕಳಿಸಿದರೆ ಆಗದು ಎಂದು ನಾನು ಹೇಳುವುದು ಇದಕ್ಕೇ.

ನೀರುಣಿಸುವುದರ ಬಗ್ಗೆ ಊರಿನವರು ಕಣ್ಣಿಡಬಹುದು, ಇಡಲೇಬೇಕು. ಸಾಧಾರಣ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಥರದ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟು ಒಣಗದ ಹಾಗೆ ತೇವ ಇರಬೇಕು, 14 ದಿನ ಆದರೆ ಒಳ್ಳೆಯದು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಿಪಿಸಿಯೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೈಪು ಹಿಡಿದರೆ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಒಣಗಿಹೋಗಿರುತ್ತದೆ. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು, ಕಂಬಕ್ಕೆ ಗೋಣಿ ಸುತ್ತಿ ನೆನೆಸಿಡುವುದು ಹಳೆಯ ಕ್ರಮ, ಇಂದಿಗೂ ಸರಿಯಾದ ಕ್ರಮ. ಸೆಂಟ್ರಿಂಗಿನ ಆಧಾರ ಕಂಬಗಳನ್ನು ಬೇಗ ತೆಗೆಯದಂತೆಯೂ ನೋಡಿ: ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲದ ಸ್ಲ್ಯಾಬಿಗೆ 14 ದಿನ, ಆರು ಮೀಟರಿಗಿಂತ ಉದ್ದದ ತೊಲೆಗೆ 21 ದಿನ.

ಆ ಹಂತ ದಾಟಿಹೋಗಿದ್ದರೆ ಘನ ಪರೀಕ್ಷೆಯ ವರದಿ ಕೇಳಿ. ಕಾಂಕ್ರೀಟು ಹಾಕುವ ದಿನವೇ 15 ಸೆಂಟಿಮೀಟರಿನ ಘನಗಳನ್ನು ಎರಕ ಹೊಯ್ದಿಟ್ಟು, 28 ದಿನದ ಮೇಲೆ ಪ್ರಯೋಗಾಲಯದಲ್ಲಿ ಒಡೆದು ನೋಡುತ್ತಾರೆ. ಎಂ-20 ಕಾಂಕ್ರೀಟು ಎಂದರೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕು ಎಂದು ಅರ್ಥ. 6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಒಂದೊಂದು ಮಾದರಿಗೆ ಮೂರು ಘನ. ವರದಿಯಲ್ಲಿ ನಿಮ್ಮ ಶಾಲೆಯ ಹೆಸರು, ಎರಕ ಹೊಯ್ದ ದಿನಾಂಕ ಇದೆಯೇ ನೋಡಿ. ಆ ದಿನ ನಿಜವಾಗಿ ಸ್ಲ್ಯಾಬ್ ಹಾಕಿದ ದಿನವೇ ಎಂದು ಊರಿನವರಿಗೆ ನೆನಪಿರುತ್ತದೆ. ವರದಿಯೇ ಇಲ್ಲದಿದ್ದರೆ, ಕಟ್ಟಡ ಕೆಡವದೆ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಿ ಎಂದು ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರಿಗೆ (ಎಇಇ) ಬರೆಯಬಹುದು.

ತಾರಸಿಗೆ ಮೂರು ದಿನ ನೀರು

ಇಡೀ ಲೇಖನದಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಮಾಡಿಸಿ.

ಜಲನಿರೋಧಕ ಪದರ ಮುಗಿದು ಗಟ್ಟಿಯಾದ ಮೇಲೆ, ಒಳಗೆ ಸ್ಲ್ಯಾಬಿನ ತಳಕ್ಕೆ ಪುಟ್ಟಿ ಹಚ್ಚುವ ಮೊದಲು, ತಾರಸಿಯ ನೀರಿನ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆಯುಂಡೆ ತುರುಕಿ ಬಿಗಿಮಾಡಿ. ಪ್ಯಾರಾಪೆಟ್ ಇಲ್ಲದ ಅಂಚಿದ್ದರೆ ಜೇಡಿಮಣ್ಣಿನ ಬದು ಕಟ್ಟಿ. ಎತ್ತರದ ಭಾಗದಲ್ಲೂ ಒಂದಿಂಚು ನಿಲ್ಲುವಷ್ಟು ನೀರು ತುಂಬಿಸಿ. ಒಂದು ಕೊಠಡಿಯ ತಾರಸಿ ಸುಮಾರು 50 ಚದರ ಮೀಟರ್ ಎಂದುಕೊಂಡರೆ ಸರಾಸರಿ ಎರಡಿಂಚಿಗೆ 2,500 ಲೀಟರ್, ಒಂದು ಸಣ್ಣ ಟ್ಯಾಂಕರ್ ನೀರು. "ಅಷ್ಟು ಭಾರ ಹಾಕಿದರೆ ಸ್ಲ್ಯಾಬಿಗೆ ತೊಂದರೆ" ಎಂದು ಯಾರಾದರೂ ಹೆದರಿಸಿದರೆ ಲೆಕ್ಕ ಹೇಳಿ: ಎರಡಿಂಚು ನೀರು ಎಂದರೆ ಚದರ ಮೀಟರಿಗೆ 50 ಕೆಜಿ. ಜನ ಹತ್ತಿ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 150 ಕೆಜಿಯಷ್ಟು ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ.

ನೀರಿನ ಮಟ್ಟ ಎಲ್ಲಿದೆ ಎಂದು ಪ್ಯಾರಾಪೆಟ್ಟಿನ ಒಳಮೈಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದು ಬಕೆಟ್ಟಿಗೆ ನೀರು ತುಂಬಿಸಿ ಅದಕ್ಕೂ ಗೆರೆ ಹಾಕಿ ಬಿಸಿಲಲ್ಲೇ ಇಡಿ. ಬಕೆಟ್ಟಿನ ನೀರು ಇಳಿದಷ್ಟೇ ತಾರಸಿಯ ನೀರೂ ಇಳಿದಿದ್ದರೆ ಅದು ಆವಿಯಾದದ್ದು. ತಾರಸಿಯದೇ ಬಹಳ ಇಳಿದಿದ್ದರೆ ಎಲ್ಲೋ ದಾರಿ ಮಾಡಿಕೊಂಡಿದೆ. ಬಕೆಟ್ಟು ಇಲ್ಲದೆ ಹೋದರೆ ಈ ವಾದ ಮುಗಿಯುವುದಿಲ್ಲ, "ಬಿಸಿಲಿಗೆ ಆರಿತು ಸಾರ್" ಎಂಬ ಒಂದೇ ಮಾತು ಕೇಳಬೇಕಾಗುತ್ತದೆ.

ದಿನಕ್ಕೊಮ್ಮೆ, ಮೂರು ದಿನ, ಕೆಳಗಿನ ಕೊಠಡಿಗೆ ಟಾರ್ಚು ಹಿಡಿದು ಹೋಗಿ. ಮೊದಲು ಫ್ಯಾನಿನ ಕೊಂಡಿಗಳ ಸುತ್ತ, ವೈರಿಂಗ್ ಪೈಪು ಸ್ಲ್ಯಾಬಿನಿಂದ ಇಳಿಯುವ ಜಾಗ, ನೀರಿನ ಪೈಪು ಹಾದುಹೋಗುವ ತೂತು, ಪ್ಯಾರಾಪೆಟ್ಟಿನ ನೇರ ಕೆಳಗೆ ಗೋಡೆಯ ನೆತ್ತಿ, ಹಳೆ ಕಟ್ಟಡಕ್ಕೆ ಹೊಸದನ್ನು ಅಂಟಿಸಿದ್ದರೆ ಆ ಸಂದು ನೋಡಿ. ಸ್ಲ್ಯಾಬಿನ ನಟ್ಟನಡುವೆ ಸೋರುವುದಕ್ಕಿಂತ ಇಂಥ ಸಂದುಗೊಂದುಗಳಲ್ಲಿ ಸೋರುವುದೇ ಹೆಚ್ಚು. ಹನಿ ಬೀಳಲೇಬೇಕೆಂದಿಲ್ಲ, ಬಣ್ಣ ಗಾಢವಾದ ತೇವದ ಕಲೆ ಕಂಡರೂ ಸಾಕು, ಸೀಮೆಸುಣ್ಣದಲ್ಲಿ ಸುತ್ತು ಹಾಕಿ ದಿನಾಂಕ ಬರೆಯಿರಿ. ಪುಟ್ಟಿ ಹಚ್ಚಿದ ಮೇಲೆ ಈ ಕಲೆ ಕಾಣುವುದು ತಡವಾಗುತ್ತದೆ.

ಮೂರನೇ ದಿನ ಪೈಪುಗಳ ಬಾಯಿ ಒಟ್ಟಿಗೆ ಬಿಚ್ಚಿ. ನೀರು ಎಷ್ಟು ಚುರುಕಾಗಿ ಹೋಗುತ್ತದೆ, ಕೆಳಗೆ ಎಲ್ಲಿ ಬೀಳುತ್ತದೆ ನೋಡಿ. ಬುನಾದಿಯ ಬುಡಕ್ಕೇ ಬೀಳುತ್ತಿದ್ದರೆ ಚರಂಡಿ ಬೇಕು ಎಂದು ಪಟ್ಟಿಯಲ್ಲಿ ಬರೆಯಿರಿ. ಅರ್ಧ ಗಂಟೆ ಬಿಟ್ಟು ಮೇಲೆ ಹತ್ತಿ. ಅಲ್ಲಲ್ಲಿ ಹೊಂಡವಾಗಿ ನೀರು ಉಳಿದಿದ್ದರೆ ಇಳಿಜಾರು ಸರಿಯಿಲ್ಲ ಎಂದರ್ಥ, ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಯಬೇಕು. ಅಂಥ ಹೊಂಡಗಳಲ್ಲಿ ಮುಂದೆ ಎಲೆ ಕೊಳೆಯುತ್ತದೆ, ಅರಳಿ ಸಸಿ ಹುಟ್ಟುತ್ತದೆ, ಅದರ ಬೇರು ತಾರಸಿಗೆ ಇಳಿಯುತ್ತದೆ.

ಮಲೆನಾಡಿನಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಮಳೆಗಾಲವೇ ಬಂದಿದ್ದರೆ ಈ ಪರೀಕ್ಷೆಯನ್ನು ಮಳೆಯೇ ಮಾಡಿಕೊಡುತ್ತದೆ, ಆದರೆ ಹಸ್ತಾಂತರ ಪತ್ರದ ಸಹಿಗೆ ಮುಂಚೆ ಒಂದು ವಾರ ಜಡಿಮಳೆ ಕಾಯಿರಿ. ಆಗುಂಬೆ, ತೀರ್ಥಹಳ್ಳಿ ಕಡೆ ಚಪ್ಪಟೆ ತಾರಸಿಯನ್ನು ನಂಬಿ ಕೂರುವುದಕ್ಕಿಂತ ಮೊದಲೇ ಇಳಿಜಾರು ಮಾಡು ಕೇಳಿದರೆ ಒಳ್ಳೆಯದು, ಅಲ್ಲಿನ ಹಳೆಯ ಹೆಂಚಿನ ಶಾಲೆಗಳು ತಲೆಮಾರುಗಟ್ಟಲೆ ಬಾಳಿದ್ದು ಸುಮ್ಮನೆ ಅಲ್ಲ.

ಮೇಲೆ ಹತ್ತಿದಾಗಲೇ ಇನ್ನೊಂದು ಲೆಕ್ಕ ಹಾಕಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಬಯಲುಸೀಮೆಯಲ್ಲೂ ಒಂದು ಕೊಠಡಿಯ 50 ಚದರ ಮೀಟರ್ ತಾರಸಿ 30,000 ಲೀಟರ್ ಹಿಡಿಯುತ್ತದೆ, ಪೋಲಾಗುವುದನ್ನು ಕಳೆದರೂ 24,000 ಉಳಿಯುತ್ತದೆ. ಪೈಪು ಈಗಲೇ ಒಂದು ಕಡೆಗೆ ತಿರುಗಿಸಿಕೊಂಡರೆ ಶೌಚಾಲಯಕ್ಕೆ, ಕೈತೋಟಕ್ಕೆ ಆಸರೆ.

ಗೋಡೆಯ ಬಿರುಕು ಏನು ಹೇಳುತ್ತದೆ

ಎಲ್ಲ ಬಿರುಕಿಗೂ ಗಾಬರಿಯಾಗಬಾರದು. ಗಾರೆಯ ಮೇಲೆ ಕೂದಲೆಳೆಯಷ್ಟು ಸಣ್ಣದಾಗಿ, ಒಣಗಿದ ಕೆರೆಯಂಗಳದ ಹಾಗೆ ಜಾಲಜಾಲವಾಗಿ ಬಿಟ್ಟಿದ್ದರೆ ಅದು ಬೇಗ ಒಣಗಿದ್ದರ ಗುರುತು. ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೆಟ್ಟಗೆ ಮೇಲಿಂದ ಕೆಳಗೆ ಇಳಿದ ಬಿರುಕಾದರೆ ಆ ಸಂದಿಗೆ ಗಾರೆಯ ಒಳಗೆ ತಂತಿಬಲೆ, ಮೇಸ್ತ್ರಿಗಳ ಮಾತಿನಲ್ಲಿ ಚಿಕನ್ ಮೆಶ್, ಹಾಕಿಲ್ಲ ಎಂದು ಅನುಮಾನಿಸಬಹುದು. ಇವೆರಡಕ್ಕೂ ಮದ್ದಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲುಮೆಟ್ಟಿಲಾಗಿ ಹತ್ತುವ, ಒಂದು ತುದಿ ಅಗಲ ಇನ್ನೊಂದು ತುದಿ ಕಿರಿದಾದ ಬಿರುಕು ಮಾತ್ರ ಬೇರೆ ಥರದ್ದು. ಅದು ಬುನಾದಿ ಒಂದು ಕಡೆ ಕುಸಿಯುತ್ತಿರುವುದನ್ನು ಹೇಳುತ್ತಿರಬಹುದು. ಎರೆಮಣ್ಣಿನ ಸೀಮೆಯಲ್ಲಿ, ಗದಗ, ವಿಜಯಪುರ, ರಾಯಚೂರು, ಧಾರವಾಡದ ಮೂಡಣ ಭಾಗದಲ್ಲಿ, ಇದನ್ನು ವಿಶೇಷವಾಗಿ ನೋಡಬೇಕು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಬುನಾದಿ ಆ ಉಬ್ಬುಕುಗ್ಗಿನ ಪದರ ದಾಟಿ ಕೆಳಗಿಳಿಯದಿದ್ದರೆ ಕಟ್ಟಡವೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಹಾಕಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ಕಡೆ ಅಂಟಿಸಿಯೂ ನೋಡುತ್ತಾರೆ, ಬಿರುಕು ಅಲುಗಿದರೆ ಗಾಜು ಸೀಳುತ್ತದೆ. ತಿಂಗಳಾದ ಮೇಲೆ ಗೆರೆ ದಾಟಿದ್ದರೆ ಬಣ್ಣ ನಿಲ್ಲಿಸಿ, ಇಂಜಿನಿಯರರನ್ನು ಕರೆಸಿ.

ಗಾರೆ ಗಟ್ಟಿಯಾಗಿದೆಯೇ ಎಂದು ನೋಡುವುದು ಸುಲಭ. ಬೀಗದ ಕೈಯಿಂದ ಕೆರೆದಾಗ ಮರಳು ಮರಳಾಗಿ ಉದುರಬಾರದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಗಾರೆ ಗೋಡೆಗೆ ಹಿಡಿದಿಲ್ಲ. ನೆಲದ ಟೈಲ್ಸನ್ನೂ ಕೋಲಿನಿಂದ ತಟ್ಟುತ್ತ ಹೋಗಿ. ಹಸಿ ಗೋಡೆಗೆ ಬಣ್ಣ ಬಳಿಯಲು ಬಿಡಬೇಡಿ. ಉದ್ಘಾಟನೆಯ ಅವಸರಕ್ಕೆ ಬಳಿದ ಬಣ್ಣ ವರ್ಷದೊಳಗೆ ಹಪ್ಪಳದ ಹಾಗೆ ಎದ್ದು ಬಿಳಿ ಉಪ್ಪು ಬಿಡುತ್ತದೆ.

ಮಗುವಿನ ಅಳತೆಯಲ್ಲಿ ನೋಡಿ

ಕಟ್ಟಡ ನೋಡಲು ಹೋಗುವಾಗ ಟೇಪಿನ ಜೊತೆಗೆ ಒಂದನೇ ತರಗತಿಯ ಒಂದು ಮಗುವನ್ನೂ ಕರೆದುಕೊಂಡು ಹೋಗಿ. ಕೊಳಾಯಿ ಎಟಕುತ್ತದೆಯೇ, ಬಾಗಿಲ ಚಿಲಕ ಸಿಗುತ್ತದೆಯೇ, ಶೌಚಾಲಯದ ಬಾಗಿಲನ್ನು ಒಳಗಿಂದ ಹಾಕಿ ತೆಗೆಯಲು ಬರುತ್ತದೆಯೇ ಎಂದು ಅದರ ಕೈಯಿಂದಲೇ ಮಾಡಿಸಿ. ವರಾಂಡದ, ಮೆಟ್ಟಿಲ ಕಂಬಿಗಳ ನಡುವೆ ಮಗುವಿನ ತಲೆ ತೂರಬಾರದು. ಅಡ್ಡಕಂಬಿಗಳನ್ನು ಏಣಿಯ ಹಾಗೆ ಜೋಡಿಸಿದ್ದರೆ ಮಕ್ಕಳು ಹತ್ತಿಯೇ ಹತ್ತುತ್ತಾರೆ, ನಿಲುವು ಕಂಬಿ ಕೇಳಿ. ಮೆಟ್ಟಿಲಿನ ಎತ್ತರ ಆರು ಇಂಚು ಮೀರಬಾರದು, ಹೆಜ್ಜೆಯಿಡುವ ಅಗಲ ಒಂದು ಅಡಿ ಇರಬೇಕು. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಲಿ. ಓಡುವ ಮಗು ಎಡವುವುದು ಒಂದೇ ಒಂದು ಹೆಚ್ಚುಕಡಿಮೆಯಾದ ಮೆಟ್ಟಿಲಲ್ಲಿ.

ರ‍್ಯಾಂಪಿನ ವಿಷಯಕ್ಕೆ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಿಯಮ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶಾಲೆಯ ಪ್ಲಿಂತ್, ಅಂದರೆ ಅಂಗಳದಿಂದ ಕೊಠಡಿಯ ನೆಲದ ಎತ್ತರ, ಒಂದೂವರೆ ಅಡಿ ಇದ್ದರೆ ರ‍್ಯಾಂಪ್ 18 ಅಡಿ ಇರಬೇಕು. ನಾನು ಕಂಡ ಶಾಲೆಗಳಲ್ಲಿ ಆರೇಳು ಅಡಿಯ ರ‍್ಯಾಂಪುಗಳೇ ಹೆಚ್ಚು. ಅವುಗಳ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಇಳಿಯುವಾಗ ಉರುಳುತ್ತದೆ. ಮಕ್ಕಳು ಜಾರುಬಂಡೆ ಆಡುತ್ತಾರೆ, ಅಷ್ಟೇ. ಗಾಲಿಕುರ್ಚಿಯ ಮಗುವನ್ನು ತಾಯಿ ಸೊಂಟದ ಮೇಲೆ ಹೊತ್ತು ತರುವುದು ಹಾಗೇ ಮುಂದುವರಿಯುತ್ತದೆ. ರ‍್ಯಾಂಪಿನ ಅಗಲ ನಾಲ್ಕು ಅಡಿ, ಎರಡೂ ಬದಿ ಹಿಡಿಕೆ, ಮೇಲೂ ಕೆಳಗೂ ಕುರ್ಚಿ ತಿರುಗಿಸುವಷ್ಟು ಸಪಾಟು ಜಾಗ, ಬಾಗಿಲಿನಲ್ಲಿ ಮೂರು ಅಡಿ ತೆರಪು ಇರಬೇಕು, ಬಾಗಿಲಿಗೆ ಹೊಸ್ತಿಲು ಇರಬಾರದು. ಶೌಚಾಲಯಕ್ಕೂ ಇದೇ ದಾರಿ ಮುಂದುವರಿಯಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ದಯೆಯ ಮಾತಲ್ಲ. ಸಣ್ಣ ರ‍್ಯಾಂಪ್ ಹಾಕಿದ್ದರೆ ಒಡೆದು ಉದ್ದ ಮಾಡಿಸಿ ಎಂದು ಪಟ್ಟು ಹಿಡಿಯಿರಿ.

ಕಪ್ಪುಹಲಗೆಯನ್ನು ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಕೊನೇ ಸಾಲಿನ ಎರಡೂ ಮೂಲೆಯಿಂದ ಕೂತು ನೋಡಿ. ಕಿಟಕಿಯ ಬೆಳಕು ಹೊಳೆದು ಅಕ್ಷರ ಕಾಣದಿದ್ದರೆ ಹಲಗೆಯ ಗೋಡೆ ಬದಲಿಸುವುದು ಈಗ ಸುಲಭ.

ಕರೆಂಟು, ಬೆಂಕಿ, ಹಳೆ ಕಟ್ಟಡ

ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸ್ವಿಚ್ ಇರಬೇಕು. ಕರೆಂಟು ಮೈಗೆ ಸೋರಿದ ಕೂಡಲೇ ಲೈನ್ ಕಡಿಯುವುದು ಅದು. 30 ಮಿಲಿಆಂಪಿಯರ್ ಎಂದು ಬರೆದಿದೆಯೇ ನೋಡಿ, ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ತಟ್ಟನೆ ಬೀಳಬೇಕು. ಅರ್ಥಿಂಗ್ ಗುಂಡಿ ಎಲ್ಲಿದೆ ತೋರಿಸಿ ಎಂದು ಕೇಳಿ. ಕಬ್ಬಿಣದ ಕಿಟಕಿ, ಕಬ್ಬಿಣದ ಗೇಟು, ಒದ್ದೆ ಕಾಲಿನ ಮಕ್ಕಳು ಇರುವ ಜಾಗದಲ್ಲಿ ಇವೆರಡು ಇಲ್ಲದೆ ಕರೆಂಟು ಹರಿಸಬಾರದು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆ ದುರಂತದ ಬೆನ್ನಿಗೆ ಬಂದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ, ಶಾಲೆಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮ ಪಾಲಿಸಬೇಕು, ಬೆಂಕಿ ಆರಿಸುವ ಸಾಧನ ಇಡಬೇಕು, ಶಿಕ್ಷಕರಿಗೆ ಅದರ ತರಬೇತಿ ಕೊಡಬೇಕು ಎಂದು ನಿರ್ದೇಶಿಸಿತು. ನಿಮ್ಮ ಹೊಸ ಕಟ್ಟಡದಲ್ಲಿ ಗ್ಯಾಸ್ ಸಿಲಿಂಡರ್ ಎಲ್ಲಿ ಬರುತ್ತದೆ, ಅಡುಗೆಮನೆ ತರಗತಿಗೆ ಎಷ್ಟು ಹತ್ತಿರ, ಮಕ್ಕಳು ಹೊರಬರುವ ದಾರಿ ಅಡುಗೆಮನೆಯ ಮುಂದೆಯೇ ಹಾದುಹೋಗುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ವರಾಂಡಕ್ಕೆ ಗ್ರಿಲ್ ಹಾಕಿ ಒಂದೇ ಗೇಟು ಇಟ್ಟು ಬೀಗ ಹಾಕುವ ರೂಢಿ ನನಗೆ ಭಯ ಹುಟ್ಟಿಸುತ್ತದೆ. ಎರಡು ಗೇಟಿರಲಿ, ಶಾಲೆ ನಡೆಯುವ ಹೊತ್ತಿನಲ್ಲಿ ಎರಡೂ ತೆರೆದಿರಲಿ.

ಹೊಸದರ ಸಂಭ್ರಮದಲ್ಲಿ ಪಕ್ಕದ ಹಳೆ ಕೊಠಡಿ ಮರೆತುಹೋಗುತ್ತದೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಶಿಥಿಲ ಎಂದು ಬರೆದಿಟ್ಟ ಕೊಠಡಿಯನ್ನು "ಹೊಸದು ಮುಗಿಯುವವರೆಗೆ" ಎಂದು ಬಳಸುತ್ತ ಹೋಗಬೇಡಿ. ಅದನ್ನು ಉಗ್ರಾಣ ಮಾಡಿದರೂ ಮಕ್ಕಳು ಅದರ ನೆರಳಲ್ಲೇ ಆಡುತ್ತಾರೆ. ಬೀಗ ಹಾಕಿ, ಸುತ್ತ ಬೇಲಿ ಕಟ್ಟಿ, ಕೆಡವಲು ಅನುಮತಿ ಕೋರಿ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಬರೆಯಿರಿ. ಹಾಗೆಯೇ ಕಾಮಗಾರಿ ಜಾಗದ ನೀರಿನ ತೊಟ್ಟಿ, ಬಾಯ್ತೆರೆದ ಸೆಪ್ಟಿಕ್ ಗುಂಡಿ, ಮೊಳೆ ಕಿತ್ತ ಹಲಗೆ ಇವಕ್ಕೆಲ್ಲ ಮುಚ್ಚಳ, ಅಡ್ಡಕಟ್ಟು ಹಾಕಿಸಿ. ಇಟ್ಟಿಗೆ ಸಾಗಿಸಲು, ಗೋಡೆಗೆ ನೀರು ಹಾಕಲು ಮಕ್ಕಳನ್ನು ಕರೆಯಕೂಡದು.

ಸಹಿ ಹಾಕುವ ದಿನ

ಮಾರ್ಚ್ ಹತ್ತಿರ ಬಂತೆಂದರೆ ಬಿಲ್ಲು ಮಾಡಿಸುವ ಅವಸರ ಎಲ್ಲ ಕಚೇರಿಗಳಿಗೂ ಇರುತ್ತದೆ. "ಮೇಡಂ, ಒಂದು ಸೈನ್ ಹಾಕ್ಬಿಡಿ, ಉಳಿದದ್ದು ಆಮೇಲೆ ಮಾಡಿಸ್ತೀವಿ" ಎಂಬ ಮಾತು ಬಂದಾಗ ಮುಖ್ಯ ಶಿಕ್ಷಕರು ಒಂಟಿಯಾಗಿರಬಾರದು. ಎಸ್‌ಡಿಎಂಸಿ ಅಧ್ಯಕ್ಷರು, ಇಬ್ಬರು ತಾಯಂದಿರು, ಊರಿನ ಒಬ್ಬ ಅನುಭವಿ ಮೇಸ್ತ್ರಿ ಜೊತೆಗಿರಲಿ. ಎಲ್ಲರೂ ಸೇರಿ ಕಟ್ಟಡ ಸುತ್ತಿ, ಬಾಕಿ ಕೆಲಸಗಳ ಪಟ್ಟಿಯನ್ನು ಕೊಠಡಿವಾರು ಬರೆದು, ಫೋಟೋ ಸೇರಿಸಿ, ಜೆಇ ಸಹಿ ಪಡೆದು, ಒಂದು ಪ್ರತಿ ಎಇಇಗೆ, ಒಂದು ಬಿಇಒಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸಹಿ ಹಾಕಲೇಬೇಕಾಗಿ ಬಂದರೆ "ಲಗತ್ತಿಸಿದ ಪಟ್ಟಿಯ ಕೆಲಸಗಳು ಬಾಕಿ ಇವೆ" ಎಂದು ಷರಾ ಬರೆದೇ ಹಾಕಿ. ಸಮಿತಿಯ ನಡಾವಳಿ ಪುಸ್ತಕದಲ್ಲೂ ಅದನ್ನೇ ದಾಖಲಿಸಿ.

ಬೀಗದ ಕೈಗಳ ಜೊತೆ ಕಾಗದಗಳನ್ನೂ ಕೇಳಿ ಪಡೆಯಿರಿ. ಕಟ್ಟಿದ ಹಾಗಿರುವ ನಕ್ಷೆ, ಗೋಡೆಯೊಳಗೆ ವೈರು, ಪೈಪು ಹೋದ ದಾರಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ ಎಂಬ ಚಿತ್ರ, ಘನ ಪರೀಕ್ಷೆಯ ವರದಿ, ಪೂರ್ಣಗೊಂಡ ಪ್ರಮಾಣಪತ್ರ, ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್, ಜಲನಿರೋಧಕ ಕೆಲಸಕ್ಕೆ ಗ್ಯಾರಂಟಿ ಪತ್ರ ಇದ್ದರೆ ಅದು. ಹತ್ತು ವರ್ಷದ ಮೇಲೆ ಯಾರೋ ಗೋಡೆಗೆ ಡ್ರಿಲ್ ಹಾಕುವಾಗ ಆ ಚಿತ್ರ ಬೇಕಾಗುತ್ತದೆ. ಜಾಗ ದಾನಿಗಳು ಕೊಟ್ಟದ್ದಾದರೆ ದಾನಪತ್ರ ನೋಂದಣಿಯಾಗಿದೆಯೇ, ಪಹಣಿ ಅಥವಾ ಇ-ಸ್ವತ್ತು ಶಾಲೆಯ ಹೆಸರಿಗೆ ಬಂದಿದೆಯೇ ನೋಡಿ. ಹೊಸ ಕೊಠಡಿಗಳನ್ನು ಶಾಲೆಗಳ ಅಂಕಿಅಂಶ ಸೇರುವ ಯು-ಡೈಸ್ ಮಾಹಿತಿಯಲ್ಲಿ ಸೇರಿಸಲು ಮರೆಯಬೇಡಿ, ಮುಂದಿನ ಅನುದಾನದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಕೊನೆಯದಾಗಿ ದೋಷ ಹೊಣೆಗಾರಿಕೆ ಅವಧಿ. ಕೆಲಸ ಮುಗಿದ ಮೇಲೂ ಇಂತಿಷ್ಟು ತಿಂಗಳು ಕಂಡುಬಂದ ದೋಷವನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂದು ಒಪ್ಪಂದದಲ್ಲಿರುತ್ತದೆ. ಎಷ್ಟು ತಿಂಗಳು ಎಂಬುದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ, ಟೆಂಡರ್ ದಾಖಲೆ ನೋಡಿ ಬರೆದುಕೊಳ್ಳಿ. ಅವರ ಭದ್ರತಾ ಠೇವಣಿ ಅಲ್ಲಿಯವರೆಗೆ ಸರ್ಕಾರದ ಹತ್ತಿರ ಇರುತ್ತದೆ. ಆ ಅವಧಿ ಮುಗಿಯುವ ದಿನಾಂಕವನ್ನೂ, ಅದಕ್ಕೆ ಎರಡು ತಿಂಗಳು ಮುಂಚಿನ ಒಂದು ದಿನವನ್ನೂ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ ಬರೆದು ಹಾಕಿ. ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಸಮಿತಿ ಬದಲಾಗುತ್ತದೆ, ಗೋಡೆ ಅಲ್ಲೇ ಇರುತ್ತದೆ. ಆ ಮುಂಚಿನ ದಿನ ಬಂದಾಗ ಮತ್ತೊಮ್ಮೆ ಟಾರ್ಚು, ಸೀಮೆಸುಣ್ಣ ಹಿಡಿದು ಸುತ್ತಿ, ಕಂಡದ್ದನ್ನು ಬರೆದು ಕಳಿಸಿ. ಅದಕ್ಕೂ ಮೊದಲು, ಮುಂಗಾರಿನ ಮೊದಲ ಜೋರು ಮಳೆಯ ರಾತ್ರಿ ಕಳೆದ ಬೆಳಿಗ್ಗೆ, ಮಕ್ಕಳು ಬರುವುದಕ್ಕೆ ಮುಂಚೆ ಯಾರಾದರೂ ಒಬ್ಬರು ಹೋಗಿ ಆ ಕೊಠಡಿಗಳ ಬಾಗಿಲು ತೆಗೆದು ನೋಡಿ ಬರಲಿ.